ಪೂಜೆಗೆ ಏನಿಡಲಿ

ತುಂಗಭದ್ರೆ ಬಂಡೆಗಳ ನಡುವೆ ದಾರಿ ಹುಡುಕಿಕೊಂಡು ಹರಿಯುವ ಕಡೆ, ದಂಡೆಯ ಮೇಲೆ ಒಂದು ಸಣ್ಣ ಮಠವಿತ್ತು. ಶರಭಯ್ಯ ತಾತ ಅಲ್ಲಿಯ ಗುರು.

ಬೇರೆ ಕಡೆ ಶಿಷ್ಯರಿಗೆ ಮೊದಲು ಮಂತ್ರ ಕಲಿಸುತ್ತಾರೆ. ತಾತ ಮೊದಲು ಆಟ ಕಲಿಸುತ್ತಿದ್ದರು. ಈಜು, ಹರಿಗೋಲು, ಬಂಡೆ ಹತ್ತುವುದು, ಕವಣೆ, ಗಾಳ. ಗಾಳಕ್ಕೆ ಬಿದ್ದ ಮೀನನ್ನು ಮತ್ತೆ ಹೊಳೆಗೇ ಬಿಡಬೇಕು, ಅದು ಮಠದ ಕಟ್ಟಳೆ.

"ಆಡಾಕ ಬರದವಗ ಸುಮ್ನ ಕುಂದ್ರಾಕೂ ಬರಂಗಿಲ್ಲ" ಎನ್ನುತ್ತಿದ್ದರು ತಾತ.

ಇನ್ನೊಂದು ಕಟ್ಟಳೆಯೂ ಇತ್ತು. ಮಹಾನವಮಿಯ ದಿನ ಊರಿನವರು ನೇಗಿಲು, ಕುಡುಗೋಲು, ತಕ್ಕಡಿ ಪೂಜೆಗೆ ಇಡುತ್ತಾರಲ್ಲ, ಹಾಗೆ ಇಲ್ಲಿ ಶಿಷ್ಯರು ತಮ್ಮ ಆಟದ ಸಾಮಾನು ಇಡಬೇಕು. ಹರಿಗೋಲು ನಡೆಸುವ ಹುಟ್ಟು ಇಟ್ಟವನು ಅಂದಿನಿಂದ ಹರಿಗೋಲಿನವನು. ಹಗ್ಗ ಇಟ್ಟವನು ಬಂಡೆಯವನು. ಈಜನ್ನು ಹಿಡಿದವನು, ಕಲಿಯುವಾಗ ಬೆನ್ನಿಗೆ ಕಟ್ಟಿಕೊಂಡಿದ್ದ ಸೋರೆಬುರುಡೆ ಇಡುತ್ತಾನೆ. ಐದನ್ನೂ ಇಟ್ಟರೂ ತಾತ ಬೇಡ ಎನ್ನುತ್ತಿರಲಿಲ್ಲ. ಹಾಗೆ ಐದೂ ಇಟ್ಟು ಐದರಲ್ಲೂ ಸುಖವಾಗಿ ಆಡಿಕೊಂಡಿದ್ದವರು ಮಠದಲ್ಲಿದ್ದರು. ಆದರೆ ಒಮ್ಮೆ ಇಟ್ಟದ್ದನ್ನು ಹಿಂದಕ್ಕೆ ತೆಗೆಯುವಂತಿಲ್ಲ.

ಹುಲಿಗೆಪ್ಪ ಹೋದ ವರ್ಷ ತೆಗೆದಿದ್ದ.

ಅವನು ಮೊದಲು ಐದನ್ನೂ ಸಾಲಾಗಿ ಇಟ್ಟ. ಪಕ್ಕದಲ್ಲಿ ಯಂಕೋಬ ಬರೀ ಒಂದು ಹುಟ್ಟು ಇಟ್ಟು ಕೈಮುಗಿದು ಕೂತಿದ್ದ. ಅದು ಹುಲಿಗೆಪ್ಪನ ಕಣ್ಣಿಗೆ ಬಿತ್ತು. ಮೆಲ್ಲಗೆ ನಾಲ್ಕನ್ನು ಹಿಂದಕ್ಕೆ ಎಳೆದುಕೊಂಡು ಹಗ್ಗವೊಂದನ್ನೇ ಬಿಟ್ಟ. ಆಮೇಲೆ ಸೋರೆಬುರುಡೆ ನೋಡಿ ಕರುಳು ಚುರುಕ್ ಎಂದಿತು, ಅದನ್ನು ಮತ್ತೆ ಮುಂದಿಟ್ಟ. ಅಷ್ಟರಲ್ಲಿ ಮಂಗಳಾರತಿ ಅವನ ಮುಂದೆ ಬಂದು ನಿಂತಿತ್ತು. ಅವನ ಕೈ ಇನ್ನೂ ಗಾಳದ ಮೇಲಿತ್ತು.

ಕರ್ಪೂರ ಆರಿಹೋಗುವವರೆಗೆ ತಾತ ಕಾದರು. ಆಮೇಲೆ ಎಲ್ಲವನ್ನೂ ಅವನ ಚೀಲಕ್ಕೆ ತುಂಬಿ ಅವನ ಹೆಗಲಿಗೇ ಹಾಕಿದರು.

"ಬರೋ ನವಮಿಗೆ ನೋಡೋಣು" ಎಂದರು.

ಆ ಮಾತು ಎಲ್ಲರಿಗೂ ಗೊತ್ತಿದ್ದದ್ದೇ. ಮರುನವಮಿಗೂ ಇಡಲು ಆಗದವನು ಚೀಲ ತೆಗೆದುಕೊಂಡು ಊರಿಗೆ ಹೋಗಬೇಕು. ಮೂರನೆಯ ಸಲ ಯಾರನ್ನೂ ಕೇಳಿದ್ದಿಲ್ಲ.

ಊರಿಗೆ ಹೋಗಲು ಹುಲಿಗೆಪ್ಪನಿಗೇನೂ ಕಷ್ಟವಿರಲಿಲ್ಲ. ಅಲ್ಲಿ ಅವ್ವ ಇದ್ದಳು, ಎಮ್ಮೆ ಇದ್ದವು, ಹೊತ್ತಿಗೆ ಸರಿಯಾಗಿ ಊಟವಿತ್ತು. ತಾತ ಇರಲಿಲ್ಲ, ಅಷ್ಟೆ.

ಅಂದಿನಿಂದ ಅವನಿಗೆ ನಿದ್ದೆ ಕೆಟ್ಟಿತು. ಎರಡು ದೋಣಿಗೆ ಕಾಲಿಟ್ಟವನ ಗತಿ ಏನು ಎಂದು ಲೋಕಕ್ಕೇ ಗೊತ್ತು. ಹುಲಿಗೆಪ್ಪನಿಗೆ ದೋಣಿ ಐದು, ಕಾಲು ಎರಡೇ.

ಮುಂಜಾನೆ ಈಜಲು ಇಳಿದರೆ, ಬಂಡೆ ಹತ್ತುವವರು ನನ್ನನ್ನು ಬಿಟ್ಟು ಎಷ್ಟು ಮೇಲೆ ಹೋದರೋ ಎಂದು ಜೀವ ಹೊಡೆದುಕೊಳ್ಳುತ್ತಿತ್ತು. ಬಂಡೆಗೆ ಹೋದರೆ, ಹೊಳೆಯಲ್ಲಿ ಯಂಕೋಬನ ಹರಿಗೋಲು ಕಾಣುತ್ತಿತ್ತು. ಹರಿಗೋಲು ದುಂಡನೆಯ ಬುಟ್ಟಿ, ಬಾರದವರ ಕೈಯಲ್ಲಿ ನಿಂತಲ್ಲೇ ಗಿರಗಿರ ತಿರುಗುತ್ತದೆ. ಯಂಕೋಬನ ಕೈಯಲ್ಲಿ ಅದು ಹಾಕಿದ ಗೆರೆ ದಾಟುತ್ತಿರಲಿಲ್ಲ. ಅದನ್ನು ನೋಡಿದರೆ ಹುಲಿಗೆಪ್ಪನ ಹೊಟ್ಟೆಯಲ್ಲಿ ಹಿಡಿ ಮೆಣಸಿನಕಾಯಿ ಕಿವುಚಿದಂತಾಗುತ್ತಿತ್ತು.

ಹಾಗೆಂದು ಅವನಿಗೆ ಏನೂ ಬಾರದು ಎಂದಲ್ಲ. ಐದೂ ಚೆನ್ನಾಗಿಯೇ ಬರುತ್ತಿತ್ತು. ಐದರಲ್ಲೂ ಅವನಿಗಿಂತ ಚೆನ್ನಾಗಿ ಬಲ್ಲವನು ಒಬ್ಬೊಬ್ಬ ಇದ್ದ.

ಒಂದು ದಿನ ತಡೆಯಲಾರದೆ ತಾತನ ಹತ್ತಿರ ಹೋದ. ತಾತ ದಂಡೆಯ ಮೇಲೆ ಕೂತು ಹರಿಗೋಲಿನ ತಳಕ್ಕೆ ಡಾಂಬರು ಬಳಿಯುತ್ತಿದ್ದರು. ಅವರ ಬಲಗೈ ಹೆಗಲಿನಿಂದ ಮೇಲೆ ಏಳುತ್ತಿರಲಿಲ್ಲ. ವಯಸ್ಸಿನಲ್ಲಿ ಹೊಳೆಯನ್ನು ಅಡ್ಡ ಈಜಿದವರು, ಈಗ ಕೆಲವು ವರ್ಷಗಳಿಂದ ಮೊಣಕಾಲು ನೀರು ದಾಟಿ ಇಳಿಯುತ್ತಿರಲಿಲ್ಲ.

"ತಾತ, ಹತ್ತು ಕಡೆ ಹತ್ತು ಮೊಳ ತೋಡಿದವಗ ನೀರು ಸಿಗಲಿಲ್ಲಂತ. ಒಂದೇ ಕಡೆ ತೋಡಿದವಗ ಸಿಕ್ತಂತ. ಹೌದಲ್ರಿ?"

"ಹೌದು. ಚೊಲೋ ಗಾದಿ."

"ಹಂಗಾರ ನಾನೂ ಒಂದೇ ಹಿಡೀಲೇನ್ರಿ?"

ತಾತ ತಲೆ ಎತ್ತದೆ ಕೇಳಿದರು. "ಆ ಬಾವಿ ತೋಡಿದವ ಎಲ್ಲಿ ನಿಂತಿದ್ನಪ್ಪ?"

"ಹೊಲದಾಗ ಇರಬೇಕ್ರಿ."

"ನೀ ಎಲ್ಲಿ ನಿಂತೀ?"

ಹುಲಿಗೆಪ್ಪ ಸುತ್ತ ನೋಡಿದ. ಕಾಲ ಬುಡದಲ್ಲೇ ಹೊಳೆ ಹರಿಯುತ್ತಿತ್ತು.

ಅವನಿಗೆ ಅರ್ಥವಾಗಲಿಲ್ಲ. ಹಾಗಾದರೆ ಐದೂ ಇರಲಿ ಎಂದಿರಬೇಕು ಎಂದುಕೊಂಡು ಹೋದ. ನಾಲ್ಕು ದಿನ ಐದನ್ನೂ ಹಿಡಿದು ಬಡಿದಾಡಿದ. ಮೈಯೆಲ್ಲ ನೋವು, ಮನಸ್ಸು ಮಾತ್ರ ಮೊದಲಿನಷ್ಟೇ ಕಂಗಾಲು. ಜೊತೆಯವರು ಚಾಷ್ಟಿ ಮಾಡಿದರು. "ಊರೆಲ್ಲ ನೆಂಟರು, ಉಣ್ಣಾಕ ಗತಿಯಿಲ್ಲ, ಹಂಗಾತು ನಿಂದು."

ಯಂಕೋಬ ಮಾತ್ರ ನಗಲಿಲ್ಲ. ಅವನು ಹುಟ್ಟಿಗೆ ಎಣ್ಣೆ ಹಚ್ಚುತ್ತಿದ್ದ.

"ನಿನಗ ಅಂಜಿಕಿ ಆಗಂಗಿಲ್ಲೇನೋ? ಒಂದೇ ಹಿಡದೀ. ನಾಳೆ ಕೈ ಮುರೀತು ಅಂತ ತಿಳಕ, ಆಗ ಏನು ಮಾಡ್ತೀ?" ಎಂದು ಕೇಳಿದ ಹುಲಿಗೆಪ್ಪ.

"ಮುರದಾಗ ನೋಡಿದ್ರಾತು. ಈಗ ಎಣ್ಣಿ ಹಚ್ಚಾಕತ್ತೀನಲ್ಲ."

ಇದೂ ಒಂದು ಉತ್ತರವೇ ಎಂದು ಹುಲಿಗೆಪ್ಪನಿಗೆ ಸಿಟ್ಟು ಬಂತು.

ಮರುದಿನ ಅವನು ಗಟ್ಟಿ ಮನಸ್ಸು ಮಾಡಿ ಬಂಡೆಗೇ ಹೋದ. ಇನ್ನು ಬಂಡೆ ಒಂದೇ, ಮುಗಿಯಿತು ಎಂದು ತನಗೆ ತಾನೇ ಆಣೆ ಹಾಕಿಕೊಂಡ. ಅರ್ಧ ಏರಿದ್ದ. ಕೆಳಗೆ ಹೊಳೆಯಲ್ಲಿ ಯಾರೋ ಕೇಕೆ ಹಾಕಿದರು. ಈಜುವವರಲ್ಲಿ ಒಬ್ಬ ಆಚೆ ದಂಡೆ ಮುಟ್ಟಿದ್ದನೋ ಏನೋ. ಹುಲಿಗೆಪ್ಪ ಕತ್ತು ತಿರುಗಿಸಿದ. ಕಾಲು ಜಾರಿತು.

ಪುಣ್ಯಕ್ಕೆ ಕೆಳಗೆ ಮರಳಿತ್ತು. ಮೊಣಕಾಲು ತರಚಿತು, ಮಾನವೂ ತರಚಿತು.

ತಾತ ಅರಿಷಿಣ ಕಲಸಿ ಗಾಯಕ್ಕೆ ಹಚ್ಚಿದರು.

"ಬೀಳೋ ಹೊತ್ತಿಗೆ ಎಲ್ಲಿದ್ದಿ?"

"ಬಂಡೆ ಮ್ಯಾಲರಿ."

"ಕಾಲು ಬಂಡೆ ಮ್ಯಾಲಿತ್ತು. ನೀ ಎಲ್ಲಿದ್ದಿ?"

ಹುಲಿಗೆಪ್ಪ ಸಣ್ಣ ದನಿಯಲ್ಲಿ ಹೇಳಿದ. "ಹೊಳ್ಯಾಗರಿ."

"ನಿನಗ ಐದೂ ಬರ್ತಾವು ತಮ್ಮಾ. ಆರನೇದು ಅವಕ್ಕಿಂತ ಚೊಲೋ ಬರ್ತೈತಿ. ಅದರಾಗ ನಿನ್ನ ಹಿಂದ ಹಾಕವರು ಈ ಮಠದಾಗ ಯಾರಿಲ್ಲ."

ಹುಲಿಗೆಪ್ಪನ ಮುಖ ಅರಳಿತು. "ಯಾವುದ್ರಿ ತಾತ?"

"ಮಗ್ಗಲದವರನ್ನ ನೋಡೋದು."

ತಾತ ಬಟ್ಟೆ ಕಟ್ಟಿ ಗಂಟು ಬಿಗಿದರು. ಹುಲಿಗೆಪ್ಪನಿಗೆ ಗಾಯಕ್ಕಿಂತ ಆ ಗಂಟೇ ಹೆಚ್ಚು ನೋಯಿತು.

ನವರಾತ್ರಿ ಬಂತು. ಆ ದಿನಗಳಲ್ಲಿ ತಾತ ಮಠದಲ್ಲಿ ಇರುತ್ತಿರಲಿಲ್ಲ. ಹೊಳೆಯ ನಡುವೆ ಒಂದು ಗಡ್ಡೆ, ಅದರ ಮೇಲೆ ನಾಲ್ಕು ಕಂಬದ ಕಲ್ಲುಮಂಟಪ, ಮಂಟಪಕ್ಕೆ ತಾಗಿಕೊಂಡು ಒಂದು ದೊಡ್ಡ ಬಂಡೆ. ತಾತ ಅಲ್ಲಿ ಒಬ್ಬರೇ ಮೌನವಾಗಿ ಕೂತಿರುತ್ತಿದ್ದರು. ಸಂಜೆಗೆ ಒಬ್ಬ ಶಿಷ್ಯ ಹರಿಗೋಲಿನಲ್ಲಿ ಬುತ್ತಿ ಒಯ್ದು ಕೊಟ್ಟು ಬರುತ್ತಿದ್ದ. ನವಮಿಯ ಮುಂಜಾನೆ ಅವರನ್ನು ಕರೆತಂದರೆ ಪೂಜೆ.

ಅಷ್ಟಮಿಯ ದಿನ ಅಡುಗೆಯ ಪಾಳಿ ಹುಲಿಗೆಪ್ಪನದು. ಉಳಿದವರೆಲ್ಲ ಪೂಜೆಯ ಸಾಮಾನು ತರಲು ದೊಡ್ಡ ಹರಿಗೋಲು ತೆಗೆದುಕೊಂಡು ಆಚೆ ದಂಡೆಯ ಊರಿಗೆ ಹೋಗಿದ್ದರು. ಮಠದಲ್ಲಿ ಅವನೊಬ್ಬನೇ. ಅವನು ರೊಟ್ಟಿ ಬಡಿಯುತ್ತಲೇ ಇದ್ದ, ನಾಳೆ ಏನಿಡಲಿ ಎಂದು ಯೋಚಿಸುತ್ತಲೇ ಇದ್ದ. ಒಂದು ರೊಟ್ಟಿಗೆ ಹಗ್ಗ ಎಂದುಕೊಂಡ, ಮುಂದಿನ ರೊಟ್ಟಿಗೆ ಬುರುಡೆ ಎಂದುಕೊಂಡ. ರೊಟ್ಟಿ ಸೀದವು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಹೊಳೆಯ ಸದ್ದು ಬದಲಾಯಿತು.

ಹೊರಗೆ ಬಂದು ನೋಡಿದ. ಮೇಲಿನ ಸೀಮೆಯಲ್ಲಿ ಎಲ್ಲೋ ದೊಡ್ಡ ಮಳೆಯಾಗಿರಬೇಕು. ಮುಂಜಾನೆ ತಿಳಿಯಾಗಿದ್ದ ನೀರು ಕೆಂಪಾಗಿತ್ತು. ಬಟ್ಟೆ ಒಗೆಯುವ ಕಲ್ಲು ಕಾಣುತ್ತಿರಲಿಲ್ಲ. ನಡುಗಡ್ಡೆಯ ಮರಳು ಆಗಲೇ ಮುಳುಗಿತ್ತು, ನೀರು ಮಂಟಪದ ಮೆಟ್ಟಿಲಿಗೆ ಬಂದಿತ್ತು.

ತಾತ ಮಂಟಪದಲ್ಲಿ ಕೂತೇ ಇದ್ದರು.

ಹುಲಿಗೆಪ್ಪ ಕೈಯ ಹಿಟ್ಟನ್ನೂ ತೊಳೆಯಲಿಲ್ಲ. ಒಳಗೆ ಓಡಿ ಚೀಲ ತಂದ. ದಂಡೆಯ ಮೇಲೆ ಹಳೆಯ ಸಣ್ಣ ಹರಿಗೋಲೊಂದು ಬೋರಲಾಗಿತ್ತು. ಅದನ್ನು ಮಗುಚಿ ಚೀಲ ಒಳಗೆಸೆದು ಹುಟ್ಟು ಹಿಡಿದ. ಈ ನೀರಿನಲ್ಲಿ ಯಂಕೋಬನಾದರೆ ದಾಟುತ್ತಿದ್ದ, ನನ್ನ ಕೈಯಲ್ಲಿ ಇದು ತಿರುಗಿ ತಿರುಗಿ ಬಂಡೆಗೆ ಬಡಿಯುತ್ತದೆ ಎನ್ನಿಸಿತು. ಹುಟ್ಟು ಕೆಳಗಿಟ್ಟ.

ಬುರುಡೆ ಬೆನ್ನಿಗೆ ಕಟ್ಟಿದ. ಸೊಂಟದವರೆಗೆ ಇಳಿದ. ಸೆಳವು ಕಾಲನ್ನು ಎಳೆಯಿತು. ಇದಕ್ಕೆ ನಿಜವಾದ ಈಜುಗಾರ ಬೇಕು ಎಂದುಕೊಂಡು ಮೇಲೆ ಬಂದ.

ಕವಣೆಯಿಂದ ಹಗ್ಗ ಬೀಸಲೇ? ಅಷ್ಟು ದೂರ ಹೋಗುತ್ತದೆಯೇ? ಹೋದರೂ ತಾತನ ಆ ಕೈಯಿಂದ ಹಿಡಿಯಲಾದೀತೇ? ಕವಣೆ ತೆಗೆದ, ಮತ್ತೆ ಚೀಲಕ್ಕೆ ತುರುಕಿದ.

ಹೋದ ನವಮಿಯ ಹಾಗೆಯೇ, ಒಂದನ್ನು ಎತ್ತುವುದು ಇನ್ನೊಂದನ್ನು ಇಡುವುದು. ಈ ಸಲ ಮುಂದೆ ಮಂಗಳಾರತಿ ಇರಲಿಲ್ಲ, ಹೊಳೆ ಏರುತ್ತಿತ್ತು. ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಅವನಿಗಿಂತ ಚೆನ್ನಾಗಿ ಬಲ್ಲವರು ಒಬ್ಬರೂ ಇರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಮಗ್ಗುಲಲ್ಲಿ ಯಾರೂ ಇರಲಿಲ್ಲ. ಅವನಿಗೆ ಅಳು ಬಂತು.

ಆಗ ಮಂಟಪದಲ್ಲಿ ತಾತ ಎದ್ದರು. ಪಂಚೆಯನ್ನು ಎಡಗೈಯಿಂದ ಮೇಲೆ ಕಟ್ಟಿಕೊಂಡರು. ಬಗ್ಗಿ ಮೆಟ್ಟಿಲ ಮೇಲಿದ್ದ ಕಾಲಿಗೆ ಹಾಕುವ ತಮ್ಮ ಮೆಟ್ಟುಗಳನ್ನು ಎತ್ತಿ, ಕೊಡವಿ, ಒದ್ದೆಯಾಗಬಾರದು ಎಂದು ಕಂಬದ ಸಂದಿಗೆ ಸಿಕ್ಕಿಸಲು ಹೋದರು. ಬಲಗೈ ಅಷ್ಟು ಎತ್ತರಕ್ಕೆ ಏಳಲಿಲ್ಲ. ಎಡಗೈಯಿಂದ ಬಲಗೈಯನ್ನು ಮೇಲಕ್ಕೆತ್ತಿ ಸಿಕ್ಕಿಸಿದರು.

ಹುಲಿಗೆಪ್ಪ ಅದನ್ನು ನೋಡಿದ.

ಮುಂದಿನದು ಅವನಿಗೆ ಸರಿಯಾಗಿ ನೆನಪಿಲ್ಲ. ಬುತ್ತಿಯ ಗಂಟನ್ನು ಟವಲಿನಿಂದ ತಲೆಗೆ ಯಾವಾಗ ಕಟ್ಟಿಕೊಂಡನೋ ಗೊತ್ತಿಲ್ಲ. ಹರಿಗೋಲು ನೀರಿನಲ್ಲಿತ್ತು, ಅವನು ಅದರಲ್ಲಿದ್ದ. ಅದು ತಿರುಗಿತು, ಅವನು ತಿರುಗಿದ, ತಿರುಗಿದಾಗಲೆಲ್ಲ ಮಂಟಪ ಎಲ್ಲಿ ಎಂದು ಕತ್ತು ಹೊರಳಿಸಿ ಹುಡುಕಿ ಆ ಕಡೆ ಹುಟ್ಟು ಹಾಕಿದ. ನಡುಹೊಳೆಯಲ್ಲಿ ಮುಳುಗಿದ್ದ ಕಲ್ಲೊಂದು ತಳಕ್ಕೆ ಬಡಿಯಿತು. ಬಿದಿರು ಮುರಿದ ಸದ್ದು. ಹುಟ್ಟು ಕೈಯಿಂದ ಕಿತ್ತು ಹೋಯಿತು. ಹರಿಗೋಲಿನಲ್ಲಿ ನೀರು ತುಂಬಿತು, ಅವನು ಹಾರಿದ. ಬೆನ್ನಿನ ಬುರುಡೆ ಅವನನ್ನು ಸ್ವಲ್ಪ ದೂರ ಎತ್ತಿ ಹಿಡಿಯಿತು, ಆಮೇಲೆ ಮಂಟಪದ ಪಕ್ಕದ ಬಂಡೆಗೆ ಬಡಿದು ಒಡೆಯಿತು. ಬಂಡೆ ಪಾಚಿಗಟ್ಟಿತ್ತು. ಉಗುರು ಹೋದರೂ ಕೈ ಬಿಡಲಿಲ್ಲ. ಏರಿದ.

ಆ ಕಡೆ ಇಳಿದರೆ ಮಂಟಪ. ತಾತನ ಮೊಣಕಾಲಿಗೆ ನೀರು ಬಂದಿತ್ತು.

ತಾತ ಅವನ ತಲೆಯ ಮೇಲಿನ ಗಂಟನ್ನು ನೋಡಿದರು. ಮೌನ ಮುರಿದರು.

"ಬುತ್ತಿ ತಂದಿಯೇನು?"

"ಹೂಂ ರಿ."

"ಮೆಟ್ಟು ತಗ. ಅಲ್ಲಿ ಅದಾವ."

ಹುಲಿಗೆಪ್ಪ ಮೆಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡ. ಬುತ್ತಿಯ ಗಂಟನ್ನು ತಾತನ ಕೈಗೆ ಕೊಟ್ಟು, ಅವರನ್ನು ಬೆನ್ನ ಮೇಲೆ ಹಾಕಿಕೊಂಡು ಅದೇ ಟವಲಿನಿಂದ ಬಿಗಿದು ಕಟ್ಟಿದ. ಬಂಡೆಯ ಮೇಲಿನಿಂದ ಮಂಟಪದ ಚಾವಣಿಗೆ ಹತ್ತಿದ. ಮುದುಕರು ಹಗುರವಾಗಿದ್ದರು. ಇಷ್ಟು ಹಗುರ ಎಂದು ಅವನಿಗೆ ಗೊತ್ತಿರಲಿಲ್ಲ, ಅದಕ್ಕೇ ದುಃಖ ಉಕ್ಕಿಬಂತು.

ಇಬ್ಬರೂ ಕಲ್ಲಿನ ಚಾವಣಿಯ ಮೇಲೆ ಕೂತರು. ಕೆಳಗೆ ಹೊಳೆ ಗುಡುಗುತ್ತಿತ್ತು. ನೀರು ಕಂಬದ ನಡುವಿನವರೆಗೆ ಏರಿ, ಅಲ್ಲಿ ನಿಂತು, ಏನೋ ಯೋಚನೆ ಮಾಡುತ್ತಿರುವ ಹಾಗೆ ಅಲ್ಲೇ ಉಳಿಯಿತು.

ತಾತ ಗಂಟು ಬಿಚ್ಚಿದರು. ಕಟಕ ರೊಟ್ಟಿಗಳು ನೀರು ಕುಡಿದು ಮೆತ್ತಗಾಗಿದ್ದವು.

"ಚೊಲೋ ಆತು. ನನಗ ಹಲ್ಲಿಲ್ಲ" ಎಂದು ಒಂದು ತುತ್ತು ಬಾಯಿಗೆ ಹಾಕಿಕೊಂಡರು. "ಸೀದಾವಲ್ಲೋ."

ಹುಲಿಗೆಪ್ಪ ತನ್ನ ರೊಟ್ಟಿಯನ್ನು ಮುರಿಯದೆ ಹಾಗೇ ಹಿಡಿದುಕೊಂಡಿದ್ದ. ಈಗ ಭಯ ಹೊಳೆಯದಲ್ಲ, ನಾಳೆಯದು.

"ನಾಳೆ ನವಮಿರಿ ತಾತ."

"ಹೌದು."

"ಹುಟ್ಟು ಹೋತು. ಹಗ್ಗ, ಕವಣಿ, ಗಾಳ ಚೀಲದ ಕೂಡ ಹೋದುವು. ಬುರುಡಿ ಒಡೀತು. ಪೂಜಿಗೆ ಇಡಾಕ ನನ್ನ ಹತ್ರ ಏನೂ ಉಳೀಲಿಲ್ರಿ."

ತಾತ ರೊಟ್ಟಿ ಅಗಿಯುತ್ತಿದ್ದರು.

"ನನ್ನ ಊರಿಗೆ ಕಳಸ್ತೀರೇನು?"

ತಾತ ಆಚೆ ದಂಡೆಯ ಕಡೆ ಕೈ ತೋರಿಸಿದರು.

ಅಲ್ಲಿಂದ ದೊಡ್ಡ ಹರಿಗೋಲು ಹೊರಟಿತ್ತು. ಅದರಲ್ಲಿ ಯಂಕೋಬ ಒಬ್ಬನೇ ಇದ್ದ, ಉಳಿದವರು ದಂಡೆಯ ಮೇಲೆ ಗುಂಪಾಗಿ ನಿಂತಿದ್ದರು. ಕೆಂಪು ನೀರಿನ ಮೇಲೆ ಅವನು ಸೆಳವಿಗೆ ಎದುರು ಬೀಳಲಿಲ್ಲ. ಮೇಲಿನಿಂದ ಇಳಿಬಿಟ್ಟು, ಬಂಡೆಗಳ ಹಿಂದಿನ ಸೆಳವಿಲ್ಲದ ನೀರನ್ನು ಒಂದೊಂದಾಗಿ ಹಿಡಿದು, ಓರೆಯಾಗಿ ಮಂಟಪದ ಕಡೆಗೇ ಬರುತ್ತಿದ್ದ. ಎಣ್ಣೆ ಕುಡಿದ ಹುಟ್ಟು ಅವನ ಕೈಯಲ್ಲಿ ಸದ್ದಿಲ್ಲದೆ ಏಳುತ್ತಿತ್ತು, ಇಳಿಯುತ್ತಿತ್ತು.

"ಹೆಂಗ ಬರಾಕತ್ತಾನ ನೋಡ್ರಿ" ಎಂದ ಹುಲಿಗೆಪ್ಪ. "ಎಷ್ಟು ಚೆಂದ ನಡಸ್ತಾನಲ್ರಿ ತಾತ."

ಹೇಳಿ ಮುಗಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಹೊಟ್ಟೆಯಲ್ಲಿ ಮೆಣಸಿನಕಾಯಿ ಇರಲಿಲ್ಲ.

ತಾತ ಅವನ ಕಡೆ ತಿರುಗಿದರು.

"ನೀ ಹೆಂಗ ಬಂದಿ?"

"ಗೊತ್ತಿಲ್ರಿ."

"ಹರಿಗೋಲಾಗ ಬಂದ್ಯೋ, ಈಜಿ ಬಂದ್ಯೋ, ಬಂಡೆ ಹತ್ತಿ ಬಂದ್ಯೋ?"

"ಎಲ್ಲಾ ಇತ್ತೇನೋ ರಿ. ಯಾವುದು ಎಲ್ಲಿ ಮುಗೀತು, ಯಾವುದು ಎಲ್ಲಿ ಸುರುವಾತು, ನಾ ನೋಡ್ಲಿಲ್ಲ."

"ಮತ್ತ ಏನು ನೋಡಾಕತ್ತಿದ್ದಿ?"

ಹುಲಿಗೆಪ್ಪ ತಲೆ ತಗ್ಗಿಸಿದ. ಅವನ ಸೊಂಟದಲ್ಲಿ ಇನ್ನೂ ಮುದುಕರ ಮೆಟ್ಟು ಸಿಕ್ಕಿಕೊಂಡಿದ್ದವು.

"ನಿಮ್ಮನ್ನರಿ."

ಹರಿಗೋಲು ಬಂದು ಚಾವಣಿಯ ಅಂಚಿನ ಕೆಳಗೆ ನಿಂತಿತು. ಯಂಕೋಬ ಒಂದು ಕೈಯಲ್ಲಿ ಕಂಬ ಹಿಡಿದು ಇನ್ನೊಂದು ಕೈ ಮೇಲೆ ಚಾಚಿದ. ತಾತ ತುತ್ತು ನುಂಗಿ, ಹುಲಿಗೆಪ್ಪನ ಹೆಗಲು ಹಿಡಿದು ಎದ್ದರು.

"ಹಂಗಾರ ನಾಳೆ ಪೂಜಿಗೆ ಆ ನೋಟವನ್ನ ಇಡು."